ಚುನಾವಣೆ ದುಡ್ಡಿನ ಲೆಕ್ಕ ಕೇಳುವುದಕ್ಕೂ ಚಂದಾ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮೈಸೂರಿನ ಒಂದು ಸಣ್ಣ ಗುಂಪು. ನಿವೃತ್ತ ಮೇಷ್ಟ್ರು, ಬ್ಯಾಂಕಿನಲ್ಲಿ ದುಡಿದವರು, ಮನೆ ನೋಡಿಕೊಳ್ಳುವ ಹೆಂಗಸರು, ಕಾಲೇಜು ಹುಡುಗರು ಇದರಲ್ಲಿದ್ದೇವೆ. ಚುನಾವಣೆಗೆ ಸುರಿಯುವ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ನಮ್ಮ ಕೆಲಸ. ಹಾಗೆ ಕೇಳುವುದನ್ನು ಬೇರೆಯವರಿಗೂ ಹೇಳಿಕೊಡುತ್ತೇವೆ. ಕಾನೂನು ಬದಲಾಗಲಿ ಎಂದು ಸಹಿ ಸಂಗ್ರಹ ಮಾಡುತ್ತೇವೆ. ಈ ಕೆಲಸಕ್ಕೆ ಚಂದಾ ಎತ್ತುತ್ತೇವೆ. ಮನೆ ಬಾಗಿಲಲ್ಲಿ, ಸಂತೆಯಲ್ಲಿ, ಪಾರ್ಕಿನಲ್ಲಿ ಜನ ನಮ್ಮನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ.

ಪಾರ್ಟಿಯವರ ದುಡ್ಡು, ಪಾರ್ಟಿಯವರ ಖರ್ಚು. ನಮಗೇಕೆ ಅದರ ಗೊಡವೆ?

ಉಪ್ಪಿನ ಋಣ ಅಂತ ನಮ್ಮಲ್ಲಿ ಒಂದು ಮಾತಿದೆ ಅಲ್ವಾ. ಯಾರ ಉಪ್ಪು ತಿಂದಿದ್ದೇವೋ ಅವರಿಗೆ ಎದುರು ಹೇಳಲು ಬಾಯಿ ಬರುವುದಿಲ್ಲ. ಶಾಸಕರೂ ಮನುಷ್ಯರೇ. ಚುನಾವಣೆಗೆ ಕೋಟಿ ಕೊಟ್ಟ ಗುತ್ತಿಗೆದಾರ ಆಮೇಲೆ ಟೆಂಡರ್ ಕೇಳುತ್ತಾನೆ, ಗಣಿ ಕೇಳುತ್ತಾನೆ, ಕೆರೆ ಪಕ್ಕದ ಜಾಗ ಕೇಳುತ್ತಾನೆ. ಆ ರಸ್ತೆಯ ಡಾಂಬರು ಮೊದಲ ಮಳೆಗೇ ಕಿತ್ತುಹೋದಾಗ ಸೈಕಲ್‌ನಿಂದ ಬೀಳುವುದು ನಮ್ಮ ಮಕ್ಕಳು.

ಬಳ್ಳಾರಿಯ ಗಣಿ ಕಥೆ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ಗಣಿಯ ದುಡ್ಡು ರಾಜಕೀಯಕ್ಕೆ ಬಂದರೆ ಏನಾಗುತ್ತದೆ ಎಂದು ನಾವು ಕಣ್ಣಾರೆ ನೋಡಿದ್ದೇವೆ. 2011ರಲ್ಲಿ ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆ ಬಗ್ಗೆ ಕೊಟ್ಟ ವರದಿ ಸರ್ಕಾರವನ್ನೇ ಅಲುಗಾಡಿಸಿತು. ಆ ವೇಳೆಗೆ ಎಷ್ಟೋ ಗುಡ್ಡ ಕರಗಿ ಹೋಗಿತ್ತು.

ಅಭ್ಯರ್ಥಿಯ ಖರ್ಚಿಗೆ ಮಿತಿ ಇದೆಯಲ್ಲ?

ಇದೆ. 2022ರಿಂದ ಕರ್ನಾಟಕದಲ್ಲಿ ವಿಧಾನಸಭೆಗೆ ನಿಂತವರು 40 ಲಕ್ಷ, ಲೋಕಸಭೆಗೆ ನಿಂತವರು 95 ಲಕ್ಷ ರೂಪಾಯಿ ತನಕ ಖರ್ಚು ಮಾಡಬಹುದು. ಕ್ಷೇತ್ರದಲ್ಲಿ ಎರಡು ಲಕ್ಷ ಮತದಾರರಿದ್ದರೆ 40 ಲಕ್ಷ ಅಂದರೆ ತಲೆಗೆ 20 ರೂಪಾಯಿ. ನಿಮ್ಮ ಬೀದಿಯಲ್ಲಿ ಹಂಚಿದ ಕುಕ್ಕರ್, ಸೀರೆ, ಬಾಡೂಟ ನೆನಪು ಮಾಡಿಕೊಳ್ಳಿ. ಆ 20 ರೂಪಾಯಿಯಲ್ಲಿ ಕುಕ್ಕರಿನ ಸೀಟಿ ಕೂಡ ಬರುವುದಿಲ್ಲ. 2023ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ರಾಜ್ಯದಲ್ಲಿ ಹಿಡಿದ ನಗದು, ಮದ್ಯ, ಚಿನ್ನ, ಉಡುಗೊರೆ ಎಲ್ಲ ಸೇರಿ 375 ಕೋಟಿ ರೂಪಾಯಿಯಷ್ಟು ಎಂದು ಚುನಾವಣಾ ಆಯೋಗವೇ ಹೇಳಿತು. ಇದು ಸಿಕ್ಕಿಬಿದ್ದಿದ್ದು ಮಾತ್ರ.

ಇನ್ನೂ ದೊಡ್ಡ ತೂತು ಕಾನೂನಿನಲ್ಲೇ ಇದೆ. ಮಿತಿ ಇರುವುದು ಅಭ್ಯರ್ಥಿಗೆ. ಪಾರ್ಟಿಗೆ ಯಾವ ಮಿತಿಯೂ ಇಲ್ಲ. 1974ರಲ್ಲಿ ದೆಹಲಿಯ ಒಂದು ಕ್ಷೇತ್ರದ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಗಾಗಿ ಪಾರ್ಟಿ ಮಾಡಿದ ಖರ್ಚನ್ನೂ ಅವರ ಲೆಕ್ಕಕ್ಕೆ ಸೇರಿಸಬೇಕು ಎಂದಿತು. ಸ್ವಲ್ಪ ದಿನಕ್ಕೇ ಸರ್ಕಾರ ಸುಗ್ರೀವಾಜ್ಞೆ ತಂದು ಆ ತೀರ್ಪನ್ನು ತಳ್ಳಿಹಾಕಿತು. 2003ರಲ್ಲಿ ಆ ಬಾಗಿಲನ್ನು ಅರ್ಧ ಮುಚ್ಚಿದರು. ಒಬ್ಬ ಅಭ್ಯರ್ಥಿಯ ಹೆಸರು ಹೇಳಿ ಪಾರ್ಟಿ ಮಾಡುವ ಖರ್ಚು ಈಗ ಅವರ ಲೆಕ್ಕಕ್ಕೆ ಬರುತ್ತದೆ. ಆದರೆ ಪಾರ್ಟಿ ತನ್ನ ಹೆಸರಲ್ಲಿ ಕೊಡುವ ಜಾಹೀರಾತು, ತಾರಾ ಪ್ರಚಾರಕರ ಹೆಲಿಕಾಪ್ಟರ್ ಓಡಾಟ ಇವೆಲ್ಲ ಈಗಲೂ ಹೊರಗೇ ಇವೆ.

ಎಲೆಕ್ಟೋರಲ್ ಬಾಂಡ್ ರದ್ದಾಯಿತಲ್ಲ. ಇನ್ನೇನು ಬಾಕಿ?

ರದ್ದಾದದ್ದು ಬಹಳ ದೊಡ್ಡ ವಿಷಯ. ಅದರ ಕಥೆ ಗೊತ್ತಿದ್ದರೆ ನಮ್ಮ ಕೆಲಸವೂ ಅರ್ಥವಾಗುತ್ತದೆ.

2018ರ ಜನವರಿಯಲ್ಲಿ ಬಾಂಡ್ ಯೋಜನೆ ಬಂತು. ಸ್ಟೇಟ್ ಬ್ಯಾಂಕಿಗೆ ಹೋಗಿ ಒಂದು ಸಾವಿರದಿಂದ ಒಂದು ಕೋಟಿ ತನಕದ ಬಾಂಡ್ ಕೊಂಡು ಅರ್ಹತೆ ಇದ್ದ ಯಾವ ಪಾರ್ಟಿಗೆ ಬೇಕಾದರೂ ಕೊಡಬಹುದಿತ್ತು. ಕೊಟ್ಟವರು ಯಾರು ಎಂದು ಮತದಾರರಿಗೆ ಗೊತ್ತಾಗುತ್ತಿರಲಿಲ್ಲ. ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 7.5ರಷ್ಟು ಮಾತ್ರ ಕೊಡಬೇಕು ಎಂಬ ಮಿತಿಯಿತ್ತು. ಬಾಂಡ್ ಬರುವ ಹೊತ್ತಿಗೆ ಅದನ್ನೂ ತೆಗೆದುಹಾಕಿದ್ದರು. ನಷ್ಟದಲ್ಲಿರುವ ಕಂಪನಿ ಕೂಡ ಕೊಡಬಹುದು ಎಂದಾಯಿತು. ನಷ್ಟದಲ್ಲಿರುವವರ ಕೈಗೆ ಪಾರ್ಟಿಗೆ ಕೊಡುವಷ್ಟು ದುಡ್ಡು ಎಲ್ಲಿಂದ ಬರುತ್ತದೆ ಎಂದು ನೀವೇ ಯೋಚಿಸಿ.

ಎಡಿಆರ್, ಕಾಮನ್ ಕಾಸ್ ಎಂಬ ಎರಡು ನಾಗರಿಕ ಸಂಸ್ಥೆಗಳು, ಜೊತೆಗೆ ಬಾಂಡ್ ದುಡ್ಡೇ ಬೇಡ ಎಂದಿದ್ದ ಸಿಪಿಎಂ ಕೋರ್ಟಿಗೆ ಹೋದವು. ಶುರುವಾದದ್ದು 2017ರಲ್ಲಿ. ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಯೋಜನೆಯನ್ನು ರದ್ದು ಮಾಡಿದ್ದು 2024ರ ಫೆಬ್ರುವರಿ 15ರಂದು. ಅಷ್ಟರಲ್ಲಿ 16,500 ಕೋಟಿ ರೂಪಾಯಿಗೂ ಜಾಸ್ತಿ ಬೆಲೆಯ ಬಾಂಡ್ ಮಾರಾಟವಾಗಿತ್ತು. ವಿವರ ಕೊಡಲು ಬ್ಯಾಂಕು ಜೂನ್ 30ರ ತನಕ ಸಮಯ ಕೇಳಿತು. ಕೋರ್ಟ್ ಒಪ್ಪಲಿಲ್ಲ. ಮಾರ್ಚ್ ತಿಂಗಳಲ್ಲೇ ಪಟ್ಟಿ ಹೊರಬಂತು. ಯಾರು ಎಷ್ಟು ಕೊಂಡರು, ಯಾವ ಪಾರ್ಟಿಗೆ ಎಷ್ಟು ಹೋಯಿತು ಎಂದು ದೇಶವೇ ಓದಿತು. ಎಲ್ಲಕ್ಕಿಂತ ಜಾಸ್ತಿ, ಅಂದರೆ 1,368 ಕೋಟಿಯ ಬಾಂಡ್ ಕೊಂಡದ್ದು ಒಂದು ಲಾಟರಿ ಕಂಪನಿ.

ಇನ್ನು ಬಾಕಿ ಇರುವುದು. ಒಬ್ಬರಿಂದ ಬಂದ ದೇಣಿಗೆ 20,000 ರೂಪಾಯಿ ದಾಟದಿದ್ದರೆ ಪಾರ್ಟಿ ಅವರ ಹೆಸರನ್ನು ಆಯೋಗಕ್ಕೆ ಹೇಳಬೇಕಿಲ್ಲ. 2,000 ರೂಪಾಯಿ ತನಕ ನಗದಾಗಿಯೂ ತೆಗೆದುಕೊಳ್ಳಬಹುದು. ದೊಡ್ಡ ಗಂಟನ್ನು ಸಣ್ಣ ಸಣ್ಣ ಚೀಟಿ ಮಾಡಿ ತೋರಿಸಿದರೆ ಹಿಡಿಯುವವರಿಲ್ಲ. ಕಂಪನಿಗಳು ಎಲೆಕ್ಟೋರಲ್ ಟ್ರಸ್ಟ್‌ಗೆ ಕೊಡುತ್ತವೆ, ಟ್ರಸ್ಟ್ ಪಾರ್ಟಿಗಳಿಗೆ ಹಂಚುತ್ತದೆ. ಟ್ರಸ್ಟಿಗೆ ಹಲವು ಕಂಪನಿಗಳ ದುಡ್ಡು ಬಂದು ಒಂದೇ ಪಾತ್ರೆಯಲ್ಲಿ ಬೆರೆತ ಮೇಲೆ ಯಾರದು ಯಾರಿಗೆ ಹೋಯಿತು ಎಂದು ಹೇಳುವುದು ಕಷ್ಟ.

ಸರಿ, ನೀವು ಕೇಳುತ್ತಿರುವುದು ಏನು?

ಪಾರ್ಟಿಗಳ ಖರ್ಚಿಗೂ ಮಿತಿ ಬೇಕು. ಒಂದು ರೂಪಾಯಿ ಕೊಟ್ಟರೂ ಕೊಟ್ಟವರ ಹೆಸರು ಪಾರ್ಟಿಯ ಪುಸ್ತಕದಲ್ಲಿರಬೇಕು. ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಪಾರ್ಟಿಗಳು ಬರಬೇಕು. 2013ರ ಜೂನ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಾರ್ಟಿಗಳು ಈ ಕಾಯ್ದೆಗೆ ಒಳಪಡುತ್ತವೆ ಎಂದು ಆದೇಶವನ್ನೇ ಕೊಟ್ಟಿತು. ಪಾರ್ಟಿಗಳು ಆ ಆದೇಶದಂತೆ ನಡೆದುಕೊಳ್ಳಲಿಲ್ಲ. ಬೇರೆ ವಿಷಯದಲ್ಲಿ ಕಚ್ಚಾಡುವವರೆಲ್ಲ ಇದೊಂದರಲ್ಲಿ ಒಂದಾಗಿಬಿಟ್ಟರು. ನನಗೆ ಅತಿ ಹೆಚ್ಚು ನೋವು ಕೊಟ್ಟ ವಿಷಯ ಇದು. ಇನ್ನೊಂದು ಬೇಡಿಕೆ, ಕಂಪನಿ ದೇಣಿಗೆಯನ್ನು ಷೇರುದಾರರ ಸಭೆ ಒಪ್ಪಬೇಕು. ಕಾನೂನು ಆಯೋಗ 2015ರ ವರದಿಯಲ್ಲೇ ಇದನ್ನು ಹೇಳಿದೆ.

ಸರ್ಕಾರವೇ ಚುನಾವಣೆ ಖರ್ಚು ಕೊಟ್ಟರೆ ಆಗಲ್ವಾ?

1998ರಲ್ಲಿ ಇಂದ್ರಜಿತ್ ಗುಪ್ತ ಸಮಿತಿ ಸ್ವಲ್ಪ ಮಟ್ಟಿಗೆ ಆಗಬಹುದು ಎಂದಿತು. ದುಡ್ಡಿನ ಬದಲು ವಸ್ತು, ಸೌಲಭ್ಯದ ರೂಪದಲ್ಲಿ ಕೊಡಿ ಎಂದಿತು. ಈಗಲೂ ಮಾನ್ಯತೆ ಪಡೆದ ಪಾರ್ಟಿಗಳಿಗೆ ಆಕಾಶವಾಣಿ, ದೂರದರ್ಶನದಲ್ಲಿ ಉಚಿತ ಸಮಯ ಸಿಗುತ್ತದೆ. ಇದರ ಬಗ್ಗೆ ನಮ್ಮ ಗುಂಪಿನಲ್ಲೇ ಎರಡು ಮನಸ್ಸಿದೆ. ನನ್ನ ಮಾತು ಕೇಳಿದರೆ, ಮೊದಲು ಲೆಕ್ಕ ಶುದ್ಧವಾಗಲಿ. ಮೇಲಿನ ತೂತು ಮುಚ್ಚದೆ ಸರ್ಕಾರದ ದುಡ್ಡನ್ನೂ ಸುರಿದರೆ ಕಪ್ಪು ದುಡ್ಡಿನ ಮೇಲೆ ಇನ್ನಷ್ಟು ದುಡ್ಡು ಬಿದ್ದಂತೆ ಆಗುತ್ತದೆ.

ಎಲ್ಲರೂ ಅಷ್ಟೇ ಬಿಡಿ. ಏನು ಮಾಡಿದರೂ ಬದಲಾಗಲ್ಲ, ಅಲ್ವಾ?

ಇದು ನಾವು ಅತಿ ಹೆಚ್ಚು ಸಲ ಕೇಳಿರುವ ಮಾತು. ಸಿಟ್ಟಿನಿಂದ ಹೇಳುವವರಿಗಿಂತ ಸುಸ್ತಾಗಿ ಹೇಳುವವರು ಜಾಸ್ತಿ. ಅವರಿಗೆ ನಾನು ನಾಮಪತ್ರದ ಕಥೆ ಹೇಳುತ್ತೇನೆ.

ಈಗ ಯಾವುದೇ ಅಭ್ಯರ್ಥಿ ನಾಮಪತ್ರ ಸಲ್ಲಿಸುವಾಗ ಆಸ್ತಿ, ಸಾಲ, ಓದು, ಮೇಲಿರುವ ಕ್ರಿಮಿನಲ್ ಕೇಸು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಮರುದಿನ ಪತ್ರಿಕೆಯಲ್ಲಿ ಬರುತ್ತದೆ. 25 ವರ್ಷದ ಹಿಂದೆ ಇದು ಇರಲಿಲ್ಲ. 1999ರಲ್ಲಿ ಅಹಮದಾಬಾದ್‌ನ ಐಐಎಂನ ಕೆಲವು ಪ್ರಾಧ್ಯಾಪಕರು ದೆಹಲಿ ಹೈಕೋರ್ಟಿಗೆ ಅರ್ಜಿ ಹಾಕಿದರು. ಎಡಿಆರ್ ಹುಟ್ಟಿದ್ದು ಹೀಗೆ. ತ್ರಿಲೋಚನ ಶಾಸ್ತ್ರಿ, ಜಗದೀಪ್ ಛೋಕರ್ ಅವರಲ್ಲಿದ್ದರು. ಶಾಸ್ತ್ರಿಯವರು ಆಮೇಲೆ ನಮ್ಮ ಬೆಂಗಳೂರಿನ ಐಐಎಂನಲ್ಲೂ ಪಾಠ ಮಾಡಿದರು. 2002ರ ಮೇ 2ರಂದು ಸುಪ್ರೀಂ ಕೋರ್ಟ್ ಇವರ ಪರ ತೀರ್ಪು ಕೊಟ್ಟಿತು. ಸಂಸತ್ತು ಕಾನೂನು ತಿದ್ದಿ ಅದನ್ನು ಮೊಟಕು ಮಾಡಲು ನೋಡಿತು. 2003ರ ಮಾರ್ಚ್‌ನಲ್ಲಿ ಕೋರ್ಟ್ ಆ ತಿದ್ದುಪಡಿಯನ್ನೂ ಹೊಡೆದುಹಾಕಿತು.

ಆ ಪ್ರಮಾಣಪತ್ರಗಳನ್ನು ಕೂಡಿಸಿ ನೋಡಿದ್ದರಿಂದಲೇ, 2023ರಲ್ಲಿ ಗೆದ್ದ ನಮ್ಮ ಶಾಸಕರ ಸರಾಸರಿ ಆಸ್ತಿ 64 ಕೋಟಿ ರೂಪಾಯಿ ಎಂದು ನಮಗೆ ಗೊತ್ತಾಯಿತು. ಸಾಮಾನ್ಯರು ಯಾಕೆ ಚುನಾವಣೆಗೆ ನಿಲ್ಲಲಾಗುತ್ತಿಲ್ಲ ಎನ್ನುವುದಕ್ಕೆ ಆ ಒಂದು ಅಂಕಿ ಸಾಕು.

ಲೆಕ್ಕ ಕೇಳೋಕೆ ದುಡ್ಡು ಯಾಕೆ? ಸುಮ್ನೆ ಕೇಳಿದರಾಯಿತಲ್ಲ?

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಅಲ್ಲಿಗೆ ಮುಗಿಯುವುದಿಲ್ಲ. ಉತ್ತರ ಬರದಿದ್ದರೆ ಮೇಲ್ಮನವಿ ಹಾಕಬೇಕು. ಎರಡನೇ ಮೇಲ್ಮನವಿಗೆ ಬೆಂಗಳೂರಿಗೆ ಓಡಾಡಬೇಕು. ಸಾವಿರ ಪುಟ ಜೆರಾಕ್ಸ್ ಆಗಬೇಕು. ಕರಪತ್ರ ಅಚ್ಚು ಹಾಕಿಸಬೇಕು. ಹಳ್ಳಿಗೆ ಹೋದರೆ ಮೈಕು, ಶಾಮಿಯಾನ, ಬಸ್ಸಿನ ಖರ್ಚು. ವಕೀಲರು ಫೀಸು ಬೇಡ ಎಂದರೂ ಟೈಪಿಂಗು, ದಾಖಲೆ, ಪ್ರಯಾಣ ಪುಕ್ಕಟೆ ಬರುವುದಿಲ್ಲ. ಬಾಂಡ್ ಕೇಸು ಮುಗಿಯಲು ಏಳು ವರ್ಷ ಹಿಡಿಯಿತು. ಅಷ್ಟು ವರ್ಷ ಒಂದು ಸಂಸ್ಥೆ ಬಾಗಿಲು ಹಾಕದೆ ನಿಲ್ಲಬೇಕಲ್ಲ.

ರಾಜಸ್ಥಾನದ ಬ್ಯಾವರ್‌ನಲ್ಲಿ 1996ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್‌ನವರು ಮಾಹಿತಿ ಹಕ್ಕಿಗಾಗಿ 40 ದಿನ ಧರಣಿ ಕೂತರು. ಸುತ್ತಲಿನ ಹಳ್ಳಿಯವರು ಮನೆಯ ಕಾಳು ತಂದು ಕೊಟ್ಟರು. 2005ರಲ್ಲಿ ದೇಶಕ್ಕೆ ಸಿಕ್ಕ ಮಾಹಿತಿ ಹಕ್ಕು ಕಾಯ್ದೆಯ ಹಿಂದೆ ಆ ಕಾಳಿನ ಚೀಲಗಳಿವೆ. ಚಂದಾ ಎಂದರೆ ಬರೀ ನೋಟು ಎಂದುಕೊಳ್ಳಬೇಡಿ.

ಎಷ್ಟು ಕೊಡಬೇಕು?

ಹತ್ತು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ಒಬ್ಬರಿಂದ ವರ್ಷಕ್ಕೆ 5,000 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಒಮ್ಮೆ ಒಬ್ಬ ಒಳ್ಳೆಯ ಮನುಷ್ಯರು ಒಂದು ಲಕ್ಷ ಕೊಡಲು ಬಂದರು. ನಮಗೆ ಆ ತಿಂಗಳು ಬಾಡಿಗೆಗೂ ಕಷ್ಟವಿತ್ತು. ರಾತ್ರಿಯೆಲ್ಲ ಮಾತಾಡಿ ಬೇಡ ಎಂದೆವು. ನಾಳೆ ಅವರ ಗೆಳೆಯರೇ ಚುನಾವಣೆಗೆ ನಿಂತರೆ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಉಪ್ಪಿನ ಋಣ ನಮಗೂ ತಪ್ಪಿದ್ದಲ್ಲವಲ್ಲ. ಅವರಿಗೆ ಬೇಜಾರಾಗಲಿಲ್ಲ. ತಮ್ಮ ಬೀದಿಯಲ್ಲಿ ಮನೆ ಮನೆಗೆ ನಮ್ಮ ಜೊತೆ ಬಂದು ಚಂದಾ ಎತ್ತಿಸಿಕೊಟ್ಟರು.

ಯಾರಿಂದ ತೆಗೆದುಕೊಳ್ಳುವುದಿಲ್ಲ?

ಪಾರ್ಟಿ, ಪಾರ್ಟಿಯ ಪದಾಧಿಕಾರಿ, ಚುನಾಯಿತ ಪ್ರತಿನಿಧಿ, ಕಂಪನಿ, ಸರ್ಕಾರಿ ಕೆಲಸದ ಗುತ್ತಿಗೆದಾರರು. ಹೆಸರು ಹೇಳಲು ಒಪ್ಪದವರಿಂದಲೂ ಇಲ್ಲ.

ನಮ್ಮ ಚಂದಾಕ್ಕೆ ಲೆಕ್ಕ ಸಿಗುತ್ತಾ?

ಸಿಗಲೇಬೇಕು. ಗಣಪತಿ ಹಬ್ಬ ಮುಗಿದ ಮೇಲೆ ಎಷ್ಟೋ ಬೀದಿಗಳಲ್ಲಿ ಜಮಾ-ಖರ್ಚಿನ ಹಾಳೆ ಅಂಟಿಸುತ್ತಾರೆ ನೋಡಿ, ಹೂವಿಗೆ ಇಷ್ಟು, ಪುಳಿಯೋಗರೆಗೆ ಇಷ್ಟು ಅಂತ. ನಾವು ಅದನ್ನೇ ಪ್ರತಿ ತಿಂಗಳು ಮಾಡುತ್ತೇವೆ. ಬಂದದ್ದು, ಹೋದದ್ದು, ಕೈಯಲ್ಲಿ ಉಳಿದದ್ದು. ಚಹಾದ ಖರ್ಚೂ ಅದರಲ್ಲಿರುತ್ತದೆ. ರಸೀದಿ ಪುಸ್ತಕಕ್ಕೆ ನಂಬರ್ ಇದೆ. ಇಬ್ಬರ ಸಹಿ ಇಲ್ಲದೆ ಬ್ಯಾಂಕಿನಿಂದ ದುಡ್ಡು ಬರುವುದಿಲ್ಲ. ಪಾರ್ಟಿಗಳನ್ನು ಲೆಕ್ಕ ಕೇಳುವವರು ತಮ್ಮ ಲೆಕ್ಕವನ್ನು ಕೇಳುವ ಮೊದಲೇ ತೋರಿಸಬೇಕು.

ನೀವೂ ಇಂಥ ಗುಂಪು ಕಟ್ಟುವುದಾದರೆ ಮೊದಲ ದಿನವೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಯಾರದೋ ಸ್ವಂತ ಖಾತೆಗೆ ಯುಪಿಐ ಹಾಕಿಸಿಕೊಳ್ಳಬೇಡಿ. ಮನುಷ್ಯ ಎಷ್ಟೇ ಪ್ರಾಮಾಣಿಕನಾದರೂ ಆರು ತಿಂಗಳಲ್ಲಿ ಮನೆಯ ದುಡ್ಡು, ಸಂಘದ ದುಡ್ಡು ಬೆರೆತುಹೋಗುತ್ತದೆ. ನಮ್ಮಲ್ಲಿ ಶುರುವಿನಲ್ಲಿ ಹಾಗೇ ಆಯಿತು. ಯಾರೂ ಕದ್ದಿರಲಿಲ್ಲ. ಆದರೂ ಲೆಕ್ಕ ಬಿಡಿಸಲು ಮೂರು ಭಾನುವಾರ ಬೇಕಾಯಿತು. ಆ ಮೂರು ವಾರ ನಾವು ಒಬ್ಬರ ಮುಖ ಒಬ್ಬರು ನೋಡಲಾಗದೆ ಕೂತಿದ್ದೆವು.

ತೆರಿಗೆ ರಿಯಾಯಿತಿ ಇದೆಯಾ?

ನಮ್ಮ ಗುಂಪಿಗೆ ಆ ಮಾನ್ಯತೆ ಇಲ್ಲ. 80ಜಿ ಎಂದು ಎಲ್ಲರೂ ಕರೆಯುವ ರಿಯಾಯಿತಿ ಸಿಗುವ ಸಂಸ್ಥೆಗಳಿವೆ, ಅಲ್ಲಿಗೆ ಕೊಟ್ಟರೂ ನಮಗೆ ಸಂತೋಷವೇ. ಒಂದು ವಿಷಯ ಮಾತ್ರ ಗಮನಿಸಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಪಾರ್ಟಿಗೆ ಚೆಕ್ಕಿನಲ್ಲಿ ಕೊಟ್ಟ ಪೂರ್ತಿ ಮೊತ್ತಕ್ಕೆ ರಿಯಾಯಿತಿ ಇದೆ. ಪಾರ್ಟಿಯನ್ನು ಪ್ರಶ್ನಿಸುವ ಸೇವಾ ಸಂಸ್ಥೆಗೆ ಕೊಟ್ಟರೆ ಸಾಮಾನ್ಯವಾಗಿ ಅರ್ಧಕ್ಕೆ ಮಾತ್ರ.

ನಾನು ಹೊರದೇಶದಲ್ಲಿದ್ದೇನೆ. ಕೊಡಬಹುದಾ?

ಯಾವ ಪಾಸ್‌ಪೋರ್ಟ್ ಇದೆ ಎನ್ನುವುದರ ಮೇಲೆ ಹೋಗುತ್ತದೆ. ಭಾರತದ ಪೌರತ್ವ ಇದ್ದು ದುಬೈನಲ್ಲೋ ಲಂಡನ್‌ನಲ್ಲೋ ದುಡಿಯುತ್ತಿದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಮೆರಿಕದ ಪೌರತ್ವ ಪಡೆದು, ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಇಟ್ಟುಕೊಂಡಿದ್ದರೆ ಅದು ವಿದೇಶಿ ದೇಣಿಗೆ. ಅದಕ್ಕೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು, ನಮಗೆ ಅದಿಲ್ಲ. ದಯವಿಟ್ಟು ಊರಲ್ಲಿರುವ ಅಣ್ಣನ ಖಾತೆಯಿಂದ ಸುತ್ತು ಹಾಕಿಸಿ ಕಳಿಸಬೇಡಿ. ನಿಮ್ಮ ಪ್ರೀತಿ ದೊಡ್ಡದು, ಆದರೆ ಆ ಒಂದು ತಪ್ಪಿಗೆ ಇಡೀ ಕೆಲಸ ನಿಂತುಹೋಗಬಹುದು. ಕರಪತ್ರ ಅನುವಾದ, ಅಂಕಿಅಂಶದ ಕೆಲಸ ನಿಮ್ಮಿಂದ ಬಹಳ ಆಗುತ್ತದೆ.

ನೀವು ಯಾವ ಪಾರ್ಟಿ ಕಡೆಯವರು?

ಯಾರ ಕಡೆಯೂ ಅಲ್ಲ. ನಮ್ಮೊಳಗೆ ಬೇರೆ ಬೇರೆ ಪಾರ್ಟಿಗೆ ವೋಟು ಹಾಕುವವರಿದ್ದಾರೆ. ಅದು ಅವರವರ ಇಷ್ಟ. ಗುಂಪಿನ ಹೆಸರಲ್ಲಿ ಯಾರ ಪರವೂ ಪ್ರಚಾರ ಇಲ್ಲ.

ಕೇಳೋಕೆ ನಾಚಿಕೆ ಆಗುತ್ತೆ. ಚಂದಾ ಎತ್ತುವುದು ಹೇಗೆ?

ನನಗೂ ಆಗುತ್ತಿತ್ತು. ಮೊದಲ ದಿನ ಮೂರು ಮನೆ ಗೇಟಿನ ತನಕ ಹೋಗಿ ವಾಪಸ್ ಬಂದಿದ್ದೆ. ಕಲಿತದ್ದು ಇಷ್ಟು. ದುಡ್ಡಿನ ಮಾತಿನಿಂದ ಶುರು ಮಾಡಬೇಡಿ. ಅವರ ಕ್ಷೇತ್ರದ ಶಾಸಕರ ಪ್ರಮಾಣಪತ್ರದ ಒಂದು ಪುಟ ಕೈಗೆ ಕೊಡಿ. ಜನ ಓದುತ್ತಾರೆ, ಬೆರಳಿಟ್ಟು ಓದುತ್ತಾರೆ, ಒಳಗಿರುವವರನ್ನೂ ಕರೆಯುತ್ತಾರೆ. ಆಮೇಲೆ ಮಾತು ತಾನಾಗಿ ಬರುತ್ತದೆ. ಮೊದಲು ಸಹಿ ಕೇಳಿ, ಆಮೇಲೆ ಸಮಯ, ಕೊನೆಗೆ ದುಡ್ಡು. ಇಲ್ಲ ಎಂದವರಿಗೂ ಪುಟ ಬಿಟ್ಟು ಬನ್ನಿ.

ಇದು ನಮ್ಮ ನಾಡಿಗೆ ಹೊಸತೂ ಅಲ್ಲ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ ಸೀಮೆಯಿಂದ ಗೆದ್ದಾಗ ಅವರ ಜೇಬಿನಲ್ಲಿ ದುಡ್ಡಿರಲಿಲ್ಲ. ವೋಟು ಹಾಕುವ ಜನರೇ ಕೈಲಾದಷ್ಟು ದುಡ್ಡೂ ಕೊಟ್ಟರು. ಮುಂದೆ ರೈತ ಸಂಘದವರೂ ‘ಒಂದು ವೋಟು, ಒಂದು ನೋಟು’ ಎಂದು ಕೇಳಿಕೊಂಡು ಹಳ್ಳಿ ಸುತ್ತಿದರು. ಮತದಾರ ಅಭ್ಯರ್ಥಿಗೆ ದುಡ್ಡು ಕೊಡುತ್ತಿದ್ದ ಕಾಲ ಅದು. ನಾವು ಅಭ್ಯರ್ಥಿಗೆ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಕಳೆದ ಸಲ ನಾನೇ ವೋಟಿಗೆ ದುಡ್ಡು ತಗೊಂಡಿದ್ದೆ. ನಾನು ನಿಮ್ಮ ಜೊತೆ ಸೇರಬಹುದಾ?

ಖಂಡಿತ ಬನ್ನಿ. ಒಂದು ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಹೀಗೇ ಕೇಳಿದರು. “ಅವರು ಕೊಟ್ಟರು, ನಾನು ಇಸ್ಕೊಂಡೆ. ಮಗಳ ಔಷಧಿಗೆ ಆಯ್ತು ಕಣಪ್ಪ. ಸುಳ್ಳು ಯಾಕೆ ಹೇಳಲಿ?” ಎಂದರು. ಅವರ ಮುಂದೆ ನಿಂತು ಉಪದೇಶ ಮಾಡಲು ನನಗೆ ಬಾಯಿ ಬರಲಿಲ್ಲ. ಕಾನೂನಿನ ಪ್ರಕಾರ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಇಬ್ಬರಿಗೂ ಒಂದು ವರ್ಷದ ತನಕ ಜೈಲಾಗಬಹುದು. ಅದನ್ನು ಅವರಿಗೆ ತಿಳಿಸಿದೆ. ಆದರೆ ಕೋಟಿ ಕೊಟ್ಟವರ ಹೆಸರು ಕೇಳಲಾಗದ ನಾವು ಐನೂರು ತೆಗೆದುಕೊಂಡವರನ್ನೇ ಬೈಯುತ್ತಾ ಕೂತರೆ ನ್ಯಾಯವಲ್ಲ. ಅಜ್ಜಿ ಸಹಿ ಹಾಕಲು ಬಾರದೆ ಹೆಬ್ಬೆಟ್ಟು ಒತ್ತಿದರು. ಒಂದು ಕಟ್ಟು ಮೆಂತ್ಯ ಸೊಪ್ಪನ್ನೂ ಕೊಟ್ಟರು. ಜಮಾ ಹಾಳೆಯಲ್ಲಿ ಅದನ್ನೂ ಬರೆದಿದ್ದೇವೆ.

ದುಡ್ಡು ಕೊಡಲು ಆಗಲ್ಲ, ಸಮಯವೂ ಕಡಿಮೆ. ನನ್ನಿಂದ ಏನಾದರೂ ಆಗುತ್ತಾ?

ಆಗುತ್ತದೆ. ಚುನಾವಣೆ ಹೊತ್ತಿನಲ್ಲಿ ಹಂಚಿಕೆ ಕಂಡರೆ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೋ ಅಥವಾ ವಿಡಿಯೋ ಹಾಕಿ. 100 ನಿಮಿಷದೊಳಗೆ ಕ್ರಮ ತೆಗೆದುಕೊಳ್ಳಬೇಕು ಎಂಬ ಗುರಿ ಇದೆ. ನಿಮ್ಮ ಹೆಸರು ಹೇಳದೆಯೂ ದೂರು ಕೊಡಬಹುದು. ಆ್ಯಪ್ ಬಾರದವರು 1950ಕ್ಕೆ ಫೋನ್ ಮಾಡಿ.

ಫಲಿತಾಂಶ ಬಂದ ಮೇಲೆ ಇನ್ನೊಂದು ಕೆಲಸವಿದೆ. ಇದನ್ನು ಮಾಡುವವರು ಬಹಳ ಕಡಿಮೆ. ಸೋತವರು, ಗೆದ್ದವರು ಎಲ್ಲರೂ 30 ದಿನದೊಳಗೆ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಕೊಡದಿದ್ದರೆ ಆಯೋಗ ಅವರನ್ನು ಮೂರು ವರ್ಷ ಅನರ್ಹ ಮಾಡಬಹುದು. ಸಣ್ಣ ಶುಲ್ಕ ಕಟ್ಟಿ ಆ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು, ಪ್ರತಿ ತೆಗೆದುಕೊಳ್ಳಬಹುದು. ನಿಮ್ಮೂರಿನ ಮೈದಾನದಲ್ಲಿ ದೊಡ್ಡ ಸಭೆ ನಡೆದಿತ್ತು ಅಲ್ವಾ? ಎಷ್ಟು ಕುರ್ಚಿ ಹಾಕಿದ್ದರು, ಎಷ್ಟು ಬಸ್ಸು ಬಂದಿತ್ತು, ಎಷ್ಟು ಜನಕ್ಕೆ ಊಟ ಹಾಕಿದರು ಎಂದು ನಿಮಗೆ ಗೊತ್ತು. ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಆ ದಿನದ ಪುಟ ತೆಗೆಸಿ, ಎಷ್ಟು ಕುರ್ಚಿ ಎಂದು ಬರೆದಿದ್ದಾರೆ ನೋಡಿ. ಎರಡಕ್ಕೂ ತಾಳೆಯಾಗದಿದ್ದರೆ ಒಂದು ಪ್ರತಿ ತೆಗೆದುಕೊಂಡು ನಮಗೆ ತಲುಪಿಸಿ. ಜೆರಾಕ್ಸ್ ಖರ್ಚು ನಮ್ಮದು.